ಮೋಟಾರ್ ಸೈಕಲ್ ಪ್ರವಾಸ: ಮೊದಲು ರಾತ್ರಿಯ ಮುಕ್ಕಾಂ ಗೊತ್ತುಮಾಡಿಕೊಳ್ಳಿ

ಮುಂಗಾರು ಬೆಳೆಯ ಸುಗ್ಗಿ ಮುಗಿದು, ಹಿಂಗಾರಿ ಬಿತ್ತನೆಯೂ ಒಂದು ಹಂತಕ್ಕೆ ಬಂದ ಮೇಲೆ ರೈತರಿಗೆ ನಾಲ್ಕು ದಿನ ಬಿಡುವು ಸಿಗುತ್ತದೆ. ಈ ಬಿಡುವಿನಲ್ಲಿ ಬೇರೆ ಊರಿನ ಹೊಲ, ತೋಟಗಳನ್ನು ನೋಡಿ ಬರುವ ರೂಢಿ ನಮ್ಮಲ್ಲಿ ಹಳೆಯದು. ಒಂದು ಕಾಲಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ಅನಂತರ ಬಾಡಿಗೆ ಬಸ್ಸು, ಟೆಂಪೊಗಳು ಬಂದವು. ಈಗ ಊರೂರಿಗೆ ಮೋಟಾರ್ ಸೈಕಲ್ಲುಗಳಾಗಿವೆ. ಹತ್ತು ಹನ್ನೆರಡು ಜನ ಕೂಡಿ ತಮ್ಮ ತಮ್ಮ ಗಾಡಿಯಲ್ಲಿಯೇ ಅಧ್ಯಯನ ಪ್ರವಾಸಕ್ಕೆ ಹೊರಡುವುದು ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಕಷ್ಟದ ಮಾತಲ್ಲ.

ಇದರಿಂದ ಅನುಕೂಲವೂ ಉಂಟು. ಬಸ್ಸು ಹೋಗದ ಹೊಲದ ಬದುವಿನವರೆಗೆ ಮೋಟಾರ್ ಸೈಕಲ್ ಹೋಗುತ್ತದೆ. ದಾರಿಯಲ್ಲಿ ಒಳ್ಳೆಯ ಬೆಳೆ ಕಂಡರೆ ನಿಂತು ವಿಚಾರಿಸಬಹುದು. ಖರ್ಚನ್ನು ಎಲ್ಲರೂ ಹಂಚಿಕೊಳ್ಳಬಹುದು. ಆದರೆ ಹೀಗೆ ಹೊರಡುವ ತಂಡಗಳು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಮಾಡುತ್ತವೆ. ರಾತ್ರಿ ಉಳಿಯುವ ಮಾತು ಬಂದಾಗ 'ಕತ್ತಲಾದಲ್ಲಿ ಮಲಗಿದರಾಯಿತು' ಎನ್ನುತ್ತವೆ. ಈ ಕ್ರಮ ತಿರುಗಬೇಕು. ಮೊದಲು ರಾತ್ರಿಯ ಮುಕ್ಕಾಂ ಗೊತ್ತಾಗಬೇಕು. ಆ ಮುಕ್ಕಾಮನ್ನು ಬೆಳಕಿರುವಾಗಲೇ ತಲುಪಲು ಎಷ್ಟು ಸಾಧ್ಯವೋ ಅಷ್ಟನ್ನೇ ಹಗಲಿನಲ್ಲಿ ನೋಡಬೇಕು. ಇದಿಷ್ಟೇ ಈ ಲೇಖನದ ಸಾರ.

ಒಂದು ಸಂಜೆಯ ಅನುಭವ

ಕೆಲವು ವರ್ಷಗಳ ಹಿಂದೆ ಹನ್ನೊಂದು ಮೋಟಾರ್ ಸೈಕಲ್ಲುಗಳಲ್ಲಿ ಹತ್ತೊಂಬತ್ತು ಜನರ ತಂಡವೊಂದರ ಜೊತೆ ಈ ಲೇಖಕ ಹಾನಗಲ್ಲಿನಿಂದ ಹಿರೇಕೆರೂರಿನ ಕಡೆಗೆ ಹೊರಟಿದ್ದ. ಬೆಳಿಗ್ಗೆ ನೋಡಿದ ಅಡಿಕೆ ತೋಟದ ಮಾಲೀಕರು ಊಟ ಮಾಡಿಯೇ ಹೋಗಬೇಕೆಂದರು. ಅಲ್ಲಿಂದ ಮುಂದೆ ಎರಡು ಊರುಗಳಲ್ಲಿ ಪರಿಚಯದವರು ಚಹಾಕ್ಕೆ ನಿಲ್ಲಿಸಿದರು. ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ತಿಳವಳ್ಳಿ ದಾಟುವಾಗ ಹೊತ್ತು ಮುಳುಗಿತು. ಉಳಿಯಲು ಮಾತನಾಡಿದ್ದ ಜಾಗದವರು ಫೋನು ಎತ್ತಲಿಲ್ಲ. ಆದರೂ ಹೇಗೋ ಮುಟ್ಟೋಣವೆಂದು ಕತ್ತಲೆಯಲ್ಲಿಯೇ ಸಾಗಿದೆವು.

ದಾರಿಯ ಅರ್ಧಭಾಗಕ್ಕೆ ಗೋವಿನಜೋಳದ ರಾಶಿ ಹರವಿದ್ದರು. ಗಾಡಿಗಳು ರಾಶಿಯ ಮೇಲೆ ಹಾಯದಂತೆ ಅಂಚಿಗೆ ದಪ್ಪ ಕಲ್ಲುಗಳನ್ನು ಇಟ್ಟಿದ್ದರು. ಮುಂದಿನವರು ತಪ್ಪಿಸಿಕೊಂಡರು. ಹಿಂದಿನಿಂದ ಎರಡನೆಯವನಾಗಿ ಬರುತ್ತಿದ್ದ ತರುಣ ರೈತ ಎದುರು ಬಂದ ಟ್ರ್ಯಾಕ್ಟರಿನ ದೀಪದಿಂದ ಕಣ್ಣು ಕುಕ್ಕಿ ಕಲ್ಲಿಗೆ ಗಾಡಿ ಹಾಯಿಸಿದ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಕೊರಳೆಲುಬು ಮುರಿಯಿತು. ಮುಂದೆ ಹೋದವರಿಗೆ ಈ ಸುದ್ದಿ ತಿಳಿದದ್ದು ಅರ್ಧ ಗಂಟೆಯ ಮೇಲೆ. ಅವನನ್ನು ಆಸ್ಪತ್ರೆಗೆ ಕಳುಹಿಸಿ, ಉಳಿದವರು ಒಂದು ಶಾಲೆಯ ಪಡಸಾಲೆಯಲ್ಲಿ ಹಾಸಿಗೆಯಿಲ್ಲದೆ ಬೆಳಗು ಮಾಡಿದೆವು. ಆ ಹಿಂಗಾರಿಯಲ್ಲಿ ಅವನ ಹೊಲದ ಕೆಲಸವನ್ನು ಅವನ ತಂದೆ ಮತ್ತು ತಮ್ಮ ಮಾಡಬೇಕಾಯಿತು.

ತಪ್ಪು ಆ ತರುಣನದಲ್ಲ, ಯೋಜನೆಯದು. ಇನ್ನೂ ಒಂದು ಮಾತು. ರಸ್ತೆಯ ಮೇಲೆ ರಾಶಿ ಹರವಿ ಕಲ್ಲು ಇಡುವವರೂ ನಮ್ಮಂಥ ರೈತರೇ. ಕಣ ಮಾಡಿಕೊಳ್ಳಲು ಜಾಗವಿಲ್ಲವೆಂಬುದು ನಿಜವಾದ ಅಡಚಣೆ. ಆದರೂ ಹೊತ್ತು ಮುಳುಗುವ ಮೊದಲು ಕಲ್ಲುಗಳನ್ನು ತೆಗೆಯುವುದು ನಮ್ಮ ಕೈಯಲ್ಲಿದೆ.

ಕತ್ತಲೆಗೆ ಮುಂಚೆ ಏಕೆ ತಲುಪಬೇಕು?

ನಮ್ಮ ಭಾಗದಲ್ಲಿ ನವೆಂಬರ್ ಕೊನೆಯ ವಾರದಲ್ಲಿ ಸಂಜೆ ಸುಮಾರು 6 ಗಂಟೆಗೆ ಸೂರ್ಯ ಮುಳುಗುತ್ತಾನೆ. ಪ್ರವಾಸಕ್ಕೆ ಅನುಕೂಲವಾದ ಕಾಲ ನವೆಂಬರದಿಂದ ಜನವರಿಯವರೆಗೆ. ಹಗಲು ಚಿಕ್ಕದಾಗಿರುವುದೂ ಆಗಲೇ. ಸಂಜೆಯ ಈ ಒಂದು ಗಂಟೆಯಲ್ಲಿ ಹಳ್ಳಿಯ ರಸ್ತೆಗಳ ಮೇಲೆ ಎಲ್ಲವೂ ಒಟ್ಟಿಗೆ ಕೂಡುತ್ತವೆ: ಮೇಯಿಸಿಕೊಂಡು ಮನೆಗೆ ಮರಳುವ ದನಗಳು, ಹಿಂದೆ ಕೆಂಪು ದೀಪವಿಲ್ಲದ ಚಕ್ಕಡಿ ಮತ್ತು ಟ್ರ್ಯಾಕ್ಟರ್ ಟ್ರೇಲರುಗಳು, ಕಬ್ಬಿನ ಲೋಡು, ಒಣಗಲು ಹಾಕಿದ ಕಾಳು, ಬಣ್ಣ ಬಳಿಯದ ರಸ್ತೆಯ ಉಬ್ಬುಗಳು. ಹಾನಗಲ್ ತಾಲೂಕಿನ ಪಶ್ಚಿಮ ಭಾಗದಲ್ಲಿ ಕಾಡಿನ ಅಂಚು ಹತ್ತಿರವಾದ್ದರಿಂದ ಕಾಡುಹಂದಿಗಳೂ ರಸ್ತೆ ದಾಟುತ್ತವೆ.

ಇಡೀ ದಿನ ಗಾಡಿ ನಡೆಸಿದವನ ಕಣ್ಣು ಮತ್ತು ಕೈ ಆ ಹೊತ್ತಿಗೆ ದಣಿದಿರುತ್ತವೆ. ತಂಡದಲ್ಲಿ ಹೊಸಬರು ಮುಂದಿನವರನ್ನು ಹಿಡಿಯುವ ಆತುರದಲ್ಲಿ ಬಿರುಸಾಗಿ ಬರುತ್ತಾರೆ. ಗಾಡಿ ಕೆಟ್ಟರೆ ಕತ್ತಲೆಯಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ. ಹಗಲಿನಲ್ಲಿ ಹತ್ತು ನಿಮಿಷದ ಪಂಕ್ಚರು ರಾತ್ರಿಯಲ್ಲಿ ಎರಡು ಗಂಟೆಯ ಕೆಲಸವಾಗುತ್ತದೆ. ಆದ್ದರಿಂದ ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲು, ಅಂದರೆ ಸಂಜೆ 4-30ಕ್ಕೆ, ಕೊನೆಯ ಗಾಡಿಯೂ ಮುಕ್ಕಾಂ ಸೇರುವಂತೆ ಯೋಜನೆ ಇರಬೇಕು.

ದಿನದ ದೂರವನ್ನು ಲೆಕ್ಕ ಹಾಕುವ ಬಗೆ

ಒಬ್ಬನೇ ಹೋಗುವಾಗಿನ ವೇಗವನ್ನು ತಂಡಕ್ಕೆ ಅನ್ವಯಿಸಬಾರದು. ತಂಡದ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ಬರುವವನ ವೇಗ. ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ಹಳ್ಳಿಯ ರಸ್ತೆಗಳಲ್ಲಿ ಹತ್ತು ಗಾಡಿಗಳ ತಂಡ ಗಂಟೆಗೆ ಸರಾಸರಿ 25 ಕಿಲೋಮೀಟರಿಗಿಂತ ಹೆಚ್ಚು ಸಾಗುವುದಿಲ್ಲವೆಂದು ಹಿಡಿಯುವುದು ಲೇಸು. ಮುಂದಿನ ಉದಾಹರಣೆಯನ್ನು ನೋಡಿ:

ಬೆಳಿಗ್ಗೆ 8 ಗಂಟೆಗೆ ಹೊರಟು ಸಂಜೆ 4-30ಕ್ಕೆ ತಲುಪುವುದು: ಒಟ್ಟು 8½ ಗಂಟೆ.
ಮೂರು ತಾಕುಗಳ ಭೇಟಿ, ಒಂದಕ್ಕೆ ಒಂದೂವರೆ ಗಂಟೆಯಂತೆ: 4½ ಗಂಟೆ.
ಊಟ ಮತ್ತು ವಿಶ್ರಾಂತಿ: 1 ಗಂಟೆ.
ಗಾಡಿ ನಡೆಸಲು ಉಳಿಯುವ ಸಮಯ: 3 ಗಂಟೆ.
ಸಾಗಬಹುದಾದ ದೂರ: 3 × 25 = 75 ಕಿಲೋಮೀಟರು.
ಪಂಕ್ಚರು, ದಾರಿ ತಪ್ಪುವುದು, ಚಹಾ ಮುಂತಾದವುಗಳಿಗೆ ಕಾಲು ಭಾಗ ಕಳೆದರೆ ಉಳಿಯುವುದು: ಸುಮಾರು 55 ಕಿಲೋಮೀಟರು.

ಹೀಗೆ ಒಂದು ಮುಕ್ಕಾಮಿನಿಂದ ಮತ್ತೊಂದಕ್ಕೆ, ತಾಕುಗಳಿಗೆ ಹೋಗಿಬರುವ ಅಡ್ಡದಾರಿಗಳನ್ನೂ ಸೇರಿಸಿ, 55 ಕಿಲೋಮೀಟರಿಗಿಂತ ಹೆಚ್ಚು ಇರಬಾರದು. ಇದು ಬಹಳ ಕಡಿಮೆಯಾಯಿತೆಂದು ಕೆಲವರಿಗೆ ಅನಿಸಬಹುದು. ಹೆಚ್ಚು ದೂರ ಹೋಗಬೇಕೆಂದಿದ್ದರೆ ನೋಡುವ ತಾಕುಗಳನ್ನು ಕಡಿಮೆ ಮಾಡಬೇಕೇ ಹೊರತು ಸಂಜೆಯ ಹೊತ್ತನ್ನು ಮುಂದಕ್ಕೆ ಹಾಕಕೂಡದು.

ಎಲ್ಲೆಲ್ಲಿ ಮುಕ್ಕಾಂ ಮಾಡಬಹುದು?

1. ತಾಲೂಕು ಸ್ಥಳದ ವಸತಿಗೃಹಗಳು. ಇಲ್ಲಿ ನೀರು, ಶೌಚಾಲಯ, ಊಟ, ದುರಸ್ತಿ, ಆಸ್ಪತ್ರೆ ಹತ್ತಿರದಲ್ಲಿರುತ್ತವೆ. ಆದರೆ ಕೋಣೆಗಳು ಕೆಲವೇ ಇರುವುದರಿಂದ ಮತ್ತು ಮದುವೆಯ ದಿನಗಳಲ್ಲಿ ಭರ್ತಿಯಾಗುವುದರಿಂದ ಮೊದಲೇ ಹೇಳಿಡಬೇಕು. ರಾತ್ರಿ ಗಾಡಿಗಳನ್ನು ಬೀದಿಯಲ್ಲಿ ಬಿಡಬೇಕಾಗುವುದೇ ಎಂದು ಕೇಳಿಕೊಳ್ಳಬೇಕು.

2. ಮಠ ಮತ್ತು ದೇವಸ್ಥಾನಗಳ ಯಾತ್ರಿ ನಿವಾಸಗಳು. ದೊಡ್ಡ ತಂಡಕ್ಕೆ ಇವು ಅನುಕೂಲ. ಜಾತ್ರೆ, ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಮುತ್ತ ಜಾಗ ಸಿಗುವುದಿಲ್ಲ. ಅಲ್ಲಿಯ ನಿಯಮಗಳನ್ನು ತಂಡದವರೆಲ್ಲರೂ ಪಾಲಿಸತಕ್ಕದ್ದು.

3. ಶಾಲೆ ಮತ್ತು ಸಮುದಾಯ ಭವನಗಳು. ಸಂಬಂಧಪಟ್ಟವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಕೇಳಿಕೊಳ್ಳುವುದನ್ನು ಹೆಚ್ಚಿನವರು ಮರೆಯುತ್ತಾರೆ.

4. ತರಬೇತಿ ಕೇಂದ್ರಗಳು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತರಬೇತಿಗೆ ಬರುವ ರೈತರಿಗಾಗಿ ವಸತಿ ವ್ಯವಸ್ಥೆ ಇರುವುದುಂಟು. ಎರಡು ಮೂರು ವಾರ ಮೊದಲೇ ಪತ್ರ ಬರೆದು, ತಂಡದ ಉದ್ದೇಶ, ಜನರ ಸಂಖ್ಯೆ ತಿಳಿಸಿ ವಿಚಾರಿಸಬೇಕು.

5. ರೈತರ ಮನೆಗಳು. ಕಲಿಯುವ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದುದು ಬೇರೆ ಇಲ್ಲ. ಆದರೆ ಇಪ್ಪತ್ತು ಜನರನ್ನು ಒಂದೇ ಮನೆಯ ಮೇಲೆ ಹೇರಬಾರದು. ಒಂದು ಮನೆಗೆ ನಾಲ್ಕೈದು ಜನರಂತೆ ಒಂದೇ ಓಣಿಯಲ್ಲಿ ಹಂಚಬೇಕು. ಅಡಿಗೆಯ ಭಾರ ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ ಎಂಬುದನ್ನು ನೆನಪಿಡಬೇಕು. ಊರಿನ ಸ್ತ್ರೀಶಕ್ತಿ ಸಂಘಕ್ಕೆ ಊಟಕ್ಕೆ ಇಷ್ಟು ಎಂದು ಮೊದಲೇ ಹಣ ಗೊತ್ತುಮಾಡಿ ಕೊಟ್ಟರೆ ರೊಟ್ಟಿ ಊಟವೂ ಒಳ್ಳೆಯದು ಸಿಗುತ್ತದೆ, ಅವರಿಗೆ ಆದಾಯವೂ ಆಗುತ್ತದೆ.

ನಾಲ್ಕು ತಾಲೂಕುಗಳ ಮಾದರಿ ಯೋಜನೆ

ಶಿಗ್ಗಾಂವಿ, ಸವಣೂರು, ಹಾನಗಲ್ ಮತ್ತು ಹಿರೇಕೆರೂರು ಒಂದೇ ಜಿಲ್ಲೆಯ ತಾಲೂಕುಗಳಾದರೂ ಬೇಸಾಯ ಒಂದೇ ಅಲ್ಲ. ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಹಾನಗಲ್ ತಾಲೂಕು ಗುಡ್ಡಗಾಡು ವಲಯಕ್ಕೆ ಸೇರುತ್ತದೆ. ಉಳಿದ ಮೂರು ಉತ್ತರದ ಅರೆಮಲೆನಾಡು ವಲಯಕ್ಕೆ ಸೇರುತ್ತವೆ. ಆದ್ದರಿಂದ ನಾಲ್ಕು ದಿನ, ಮೂರು ರಾತ್ರಿಗಳಲ್ಲಿ ಹಲವು ಬಗೆಯ ಬೇಸಾಯವನ್ನು ನೋಡಲು ಸಾಧ್ಯ.

ಮೊದಲನೆಯ ದಿನ: ಎಲ್ಲರೂ ಶಿಗ್ಗಾಂವಿಯಲ್ಲಿ ಕೂಡಬೇಕು. ಬೇರೆ ಬೇರೆ ಊರುಗಳಿಂದ ಬರುವವರು ಇರುವುದರಿಂದ ಈ ದಿನ ಎರಡೇ ತಾಕು ಸಾಕು. ಕನಕದಾಸರ ಜನ್ಮಸ್ಥಳವಾದ ಬಾಡ ಈ ತಾಲೂಕಿನಲ್ಲಿದೆ. ಅದನ್ನು ನೋಡಿಕೊಂಡು ಸವಣೂರಿಗೆ ಹೋಗಿ ಮುಕ್ಕಾಂ ಮಾಡಬೇಕು. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಸಂಜೆ ಬೇಗ ತಲುಪಿದರೆ ಎಲೆಬಳ್ಳಿಯ ತೋಟದವರೊಡನೆ ರಾತ್ರಿ ಮಾತನಾಡಿ, ಮರುದಿನ ಬೆಳಿಗ್ಗೆ ತೋಟ ನೋಡಬಹುದು. ಊರಿನ ಮಠದ ಆವರಣದಲ್ಲಿರುವ ದೊಡ್ಡ ಹುಣಸೆ ಮರಗಳು ನಮ್ಮ ಹುಣಸೆಯಲ್ಲ. ಆಫ್ರಿಕ ಮೂಲದ ಬಾವೊಬಾಬ್ ಮರಗಳು. ಅವುಗಳನ್ನು ನೋಡಲು ಅರ್ಧ ಗಂಟೆ ಇಡಬೇಕು.

ಎರಡನೆಯ ದಿನ: ಸವಣೂರಿನಿಂದ ಬಂಕಾಪುರದ ಮೇಲೆ ಹಾನಗಲ್ಲಿಗೆ. ಬಂಕಾಪುರದ ಕೋಟೆಯಲ್ಲಿ ಖಿಲಾರಿ ತಳಿಯ ದನಗಳ ಸಂವರ್ಧನಾ ಕೇಂದ್ರವೂ ನವಿಲುಧಾಮವೂ ಇವೆ. ಕೇಂದ್ರವನ್ನು ನೋಡಲು ಮೊದಲೇ ಅನುಮತಿ ಕೇಳಬೇಕು. ನವಿಲುಗಳು ಬಯಲಿಗೆ ಬರುವುದು ಮುಂಜಾನೆ ಮತ್ತು ಸಂಜೆ. ಆದ್ದರಿಂದ ಸವಣೂರನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು. ಹಾನಗಲ್ ಕಡೆ ಕೂರಿಗೆಯಿಂದ ಬಿತ್ತುವ ಭತ್ತ, ಮಾವಿನ ತೋಟ, ಅಡಿಕೆ, ಬಾಳೆ, ಶುಂಠಿಗಳನ್ನು ನೋಡಬಹುದು. ರಾತ್ರಿ ಹಾನಗಲ್ಲಿನಲ್ಲಿ ಮುಕ್ಕಾಂ. ತಾರಕೇಶ್ವರ ದೇವಾಲಯವನ್ನು ಮರುದಿನ ಹೊರಡುವ ಮುನ್ನ ನೋಡಬಹುದು.

ಮೂರನೆಯ ದಿನ: ಹಾನಗಲ್ಲಿನಿಂದ ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು ಮಾರ್ಗವಾಗಿ ಹಿರೇಕೆರೂರಿಗೆ. ನಾಲ್ಕು ದಿನಗಳಲ್ಲಿ ತಡವಾಗುವ ಸಂಭವ ಹೆಚ್ಚಾಗಿರುವುದು ಈ ದಿನವೇ. ದಾರಿಯುದ್ದಕ್ಕೂ ನಿಲ್ಲಿಸುವಂಥ ತೋಟಗಳಿವೆ, ಕರೆಯುವ ಜನರಿದ್ದಾರೆ. ಆದ್ದರಿಂದ ಎರಡಕ್ಕಿಂತ ಹೆಚ್ಚು ತಾಕು ಗೊತ್ತುಮಾಡಬೇಡಿ.

ಈ ರಾತ್ರಿ ಪೇಟೆಯಲ್ಲಿ ಉಳಿಯುವುದಕ್ಕಿಂತ ಬೀಜೋತ್ಪಾದನೆ ನಡೆಯುವ ಹಳ್ಳಿಯಲ್ಲಿ ಉಳಿಯುವುದು ಹೆಚ್ಚು ಪ್ರಯೋಜನಕಾರಿ. ಇದಕ್ಕೆ ಕಾರಣವಿದೆ. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ (1972), ಜಯಲಕ್ಷ್ಮಿ (1981) ಹತ್ತಿಗಳ ಕಾಲದಿಂದ ಕೈಯಿಂದ ಸಂಕರಣ ಮಾಡುವ ಕೆಲಸ ನಮ್ಮ ರೈತರಿಗೆ ಪರಿಚಿತ. ಮರುದಿನ ಅರಳಲಿರುವ ಮೊಗ್ಗಿನಿಂದ ಕೇಸರಗಳನ್ನು ಬಿಡಿಸಿ ತೆಗೆಯುವುದು ಮಧ್ಯಾಹ್ನದ ಮೇಲೆ. ಗಂಡು ಹೂವಿನ ಪರಾಗವನ್ನು ಅದಕ್ಕೆ ಸೋಕಿಸಿ ಗುರುತಿನ ದಾರ ಕಟ್ಟುವುದು ಮರುದಿನ ಬೆಳಿಗ್ಗೆ. ಬೆಂಡೆಯಲ್ಲಿಯೂ ಇದೇ ಕ್ರಮ. ಹಗಲು ಬಂದು ಒಂದು ಗಂಟೆ ನಿಂತು ಹೋಗುವವನಿಗೆ ಈ ಕೆಲಸದ ಅರ್ಧ ಮಾತ್ರ ಕಾಣುತ್ತದೆ. ಅದೇ ಊರಿನಲ್ಲಿ ರಾತ್ರಿ ಉಳಿದವನಿಗೆ ಪೂರ್ತಿ ಕಾಣುತ್ತದೆ. ನವೆಂಬರ್ ಕೊನೆಗೆ ಹತ್ತಿಯ ಸಂಕರಣ ಮುಗಿಯುತ್ತ ಬರುವುದರಿಂದ ಆ ಮೇಲೆ ಹೋಗುವವರು ತರಕಾರಿ ಬೀಜದ ತಾಕುಗಳನ್ನು ವಿಚಾರಿಸಬೇಕು.

ನಾಲ್ಕನೆಯ ದಿನ: ಬೆಳಗಿನ ಸಂಕರಣ ನೋಡಿಕೊಂಡು ರಟ್ಟೀಹಳ್ಳಿಯ ಮೇಲೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಗೆ. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮೂರು ದಿನ ನೋಡಿದ್ದರಲ್ಲಿ ಹುಟ್ಟಿದ ಪ್ರಶ್ನೆಗಳನ್ನು ವಿಜ್ಞಾನಿಗಳ ಮುಂದೆ ಇಡಬಹುದು. ಹೆದ್ದಾರಿಯ ಮೇಲೆ ತಂಡವಾಗಿ ಅಕ್ಕಪಕ್ಕ ಸಾಗಬಾರದು. ಎಡ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು ಸಾಗಬೇಕು. ಎಲ್ಲರೂ ಬೆಳಕಿನಲ್ಲಿ ಊರು ಸೇರುವಂತೆ ಮಧ್ಯಾಹ್ನ 2 ಗಂಟೆಗೆ ಅಲ್ಲಿಂದ ಬೀಳ್ಕೊಳ್ಳಬೇಕು. ಮನೆ ಹತ್ತಿರವಾಯಿತೆಂಬ ಸಡಿಲಿನಲ್ಲಿಯೇ ಅನೇಕ ಅಪಘಾತಗಳು ಆಗುತ್ತವೆ.

ಮುಂಚಿತವಾಗಿ ಹೋಗಿ ನೋಡುವುದು

ಹೊರಡುವ ಒಂದು ವಾರ ಮೊದಲು ಇಬ್ಬರು ಒಂದು ಗಾಡಿಯಲ್ಲಿ ಇದೇ ದಾರಿಯನ್ನು ಹೋಗಿ ಬರಬೇಕು. ಫೋನಿನ ನಕ್ಷೆಯನ್ನು ನಂಬಿ ಕೂಡುವಂತಿಲ್ಲ. ಕಪ್ಪು ಮಣ್ಣಿನ ದಾರಿ ಒಂದು ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿ ಗಾಡಿ ನಿಲ್ಲುತ್ತದೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ವರದಾ ನದಿಯ ಮತ್ತು ಹಳ್ಳಗಳ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುತ್ತಿದೆಯೇ ಎಂಬುದನ್ನೂ ಹೇಳುವುದಿಲ್ಲ. ಹೋದವರು ಗಾಡಿಯ ಮೀಟರಿನಲ್ಲಿ ದೂರ ಬರೆದುಕೊಂಡು, ಪ್ರತಿ ಮುಕ್ಕಾಮಿನಲ್ಲಿ ಈ ಕೆಳಗಿನವುಗಳನ್ನು ಕಣ್ಣಾರೆ ನೋಡಬೇಕು:

1. ಎಲ್ಲರೂ ಮಲಗುವಷ್ಟು ಸ್ಥಳ. ತಂಡದಲ್ಲಿ ಮಹಿಳೆಯರಿದ್ದರೆ ಅವರಿಗೆ ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಬೇರೆ ಕೋಣೆ.
2. ಕುಡಿಯುವ ನೀರು ಮತ್ತು ಶೌಚಾಲಯ. ಇಪ್ಪತ್ತು ಜನರಿಗೆ ಒಂದೇ ಶೌಚಾಲಯವಾದರೆ ಬೆಳಿಗ್ಗೆ 8ಕ್ಕೆ ಹೊರಡುವುದು ಆಗುವುದಿಲ್ಲ.
3. ಗಾಡಿಗಳನ್ನು ಕಣ್ಣಿಗೆ ಕಾಣುವಂತೆ, ಬೀಗ ಹಾಕಿ ನಿಲ್ಲಿಸುವ ಸ್ಥಳ.
4. ರಾತ್ರಿ ವಿದ್ಯುತ್ ಹೋದರೆ ಬದಲಿ ಬೆಳಕು. ತಂಡದಲ್ಲಿ ವಿದ್ಯುತ್ ಸ್ಕೂಟರು ಇದ್ದರೆ ಅದಕ್ಕೆ ಚಾರ್ಜ್ ಮಾಡಲು ಸರಿಯಾದ ಸಂಪರ್ಕ.
5. ಹತ್ತಿರದ ಆಸ್ಪತ್ರೆ, ಪೆಟ್ರೋಲ್ ಬಂಕು ಮತ್ತು ಮೆಕ್ಯಾನಿಕ್. ಪೆಟ್ರೋಲನ್ನು ಸಂಜೆಯೇ ತುಂಬಿಸಬೇಕು; ಬಾಟಲಿಯಲ್ಲಿ ತಂದು ಮಲಗುವ ಕೋಣೆಯಲ್ಲಿ ಇಡಕೂಡದು.
6. ಫೋನಿನ ಸಂಪರ್ಕ ಸಿಗುವ ಜಾಗ. ಒಬ್ಬರ ಬದಲು ಇಬ್ಬರ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಪ್ರವಾಸದ ದಿನ ಮಧ್ಯಾಹ್ನ ಒಂದು ಸಲ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಆಪತ್ತಿನ ಮುಕ್ಕಾಂ

ಎಷ್ಟೇ ಎಚ್ಚರ ವಹಿಸಿದರೂ ಒಂದು ದಿನ ತಡವಾಗಿಯೇ ಆಗುತ್ತದೆ. ಅದಕ್ಕಾಗಿ ಪ್ರತಿ ದಿನದ ದಾರಿಯ ನಡುವೆ ಇನ್ನೊಂದು ಮುಕ್ಕಾಮನ್ನು ಮಾತನಾಡಿ ಇಟ್ಟಿರಬೇಕು. ಅದಕ್ಕೆ ಒಂದು ಊರು ಮತ್ತು ಒಂದು ಗಂಟೆ ಗೊತ್ತುಮಾಡಬೇಕು. ಉದಾಹರಣೆಗೆ, ಮೂರನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಿಳವಳ್ಳಿ ದಾಟದಿದ್ದರೆ ಆ ರಾತ್ರಿ ತಿಳವಳ್ಳಿಯಲ್ಲಿಯೇ ಉಳಿಯುವುದು. ಈ ತೀರ್ಮಾನವನ್ನು ಮನೆಯಲ್ಲಿ ಕುಳಿತು ಮಾಡಬೇಕು. ದಾರಿಯಲ್ಲಿ ನಿಂತು ಚರ್ಚಿಸಬಾರದು. ದಾರಿಯಲ್ಲಿ 'ಇನ್ನು ಸ್ವಲ್ಪವೇ ದೂರ' ಎನ್ನುವವರೇ ಹೆಚ್ಚು. ನಮ್ಮ ತಂಡದಲ್ಲಿ ಅಂದು ಇಂಥ ಒಂದು ನಿಯಮ ಇದ್ದಿದ್ದರೆ ಆ ತರುಣನ ಎಲುಬು ಮುರಿಯುತ್ತಿರಲಿಲ್ಲ.

ಮುಂದೆ ದಾರಿ ಬಲ್ಲವನೊಬ್ಬ, ಹಿಂದೆ ದುರಸ್ತಿ ಬಲ್ಲವನೊಬ್ಬ ಇರಬೇಕು. ಹಿಂದಿನವನನ್ನು ಯಾರೂ ಹಿಂದಿಕ್ಕಬಿಡಕೂಡದು. ಪ್ರತಿಯೊಬ್ಬನೂ ತಿರುವುಗಳಲ್ಲಿ ತನ್ನ ಹಿಂದಿನ ಗಾಡಿ ಕಾಣುವವರೆಗೆ ನಿಲ್ಲಬೇಕು. ಚಾಲಕನ ಹಾಗೆ ಹಿಂದೆ ಕುಳಿತವರೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸಬೇಕು. ಲೈಸೆನ್ಸು, ವಿಮೆ, ಹೊಗೆ ತಪಾಸಣೆಯ ಪತ್ರಗಳು ಜೊತೆಯಲ್ಲಿರಬೇಕು. ಅಪಘಾತವಾದರೆ 108ಕ್ಕೆ ಅಂಬುಲೆನ್ಸಿಗಾಗಿ, ಪೊಲೀಸರ ನೆರವು ಬೇಕಾದರೆ 112ಕ್ಕೆ ಕರೆ ಮಾಡಬೇಕು.

ಮುಕ್ಕಾಮಿನಲ್ಲಿ ಏನು ಮಾಡಬೇಕು?

ತಲುಪಿದ ಕೂಡಲೆ ಅರ್ಧ ಗಂಟೆ ಗಾಡಿಗಳಿಗೆ ಕೊಡಬೇಕು. ಟೈರಿನ ಗಾಳಿ, ಬ್ರೇಕು, ಚೈನು, ದೀಪಗಳನ್ನು ಬೆಳಕಿರುವಾಗಲೇ ನೋಡಿಕೊಂಡರೆ ಬೆಳಿಗ್ಗೆ ತಡವಾಗುವುದಿಲ್ಲ. ಮದ್ಯಪಾನಕ್ಕೆ ಆಸ್ಪದ ಕೊಡಲೇಬಾರದು. ಇದನ್ನು ಒಪ್ಪದವರನ್ನು ಕರೆದೊಯ್ಯದಿರುವುದೇ ಮೇಲು.

ಊಟವಾದ ಮೇಲೆ ಒಂದು ಗಂಟೆ ಎಲ್ಲರೂ ಕೂಡಿ ಕೂಡ್ರಬೇಕು. ಊರಿನ ರೈತರನ್ನೂ ಕರೆಯಬೇಕು. ಅಂದು ಕಂಡದ್ದರಲ್ಲಿ ತನ್ನ ಹೊಲದಲ್ಲಿ ಮಾಡಿ ನೋಡಬಹುದಾದ ಒಂದೇ ವಿಷಯವನ್ನು ಪ್ರತಿಯೊಬ್ಬನೂ ಹೇಳಬೇಕು. ಒಬ್ಬನು ವಹಿಯಲ್ಲಿ ಬರೆದುಕೊಳ್ಳಬೇಕು. ಹಗಲಿನಲ್ಲಿ ಹೊಲ ತೋರಿಸುವಾಗ ರೈತ ತನ್ನ ಇಳುವರಿಯನ್ನಷ್ಟೇ ಹೇಳುತ್ತಾನೆ. ರಾತ್ರಿ ಕಟ್ಟೆಯ ಮೇಲೆ ನಿಧಾನವಾಗಿ ಕುಳಿತಾಗ ಖರ್ಚು, ಸಾಲ, ಕೈಕೊಟ್ಟ ಬೆಳೆ, ಮೋಸಹೋದ ಬೀಜ ಇವುಗಳ ಮಾತು ಬರುತ್ತದೆ. ನಿಜವಾಗಿ ಕಲಿಯಬೇಕಾದದ್ದು ಇದನ್ನೇ. ಕತ್ತಲೆಯಲ್ಲಿ ದಣಿದು ಬಂದು ಉಂಡು ಮಲಗುವ ತಂಡಕ್ಕೆ ಇದು ದೊರೆಯುವುದಿಲ್ಲ.

ಬೆಳಿಗ್ಗೆ ಹೊರಡುವ ಮುನ್ನ ಮಲಗಿದ ಸ್ಥಳವನ್ನು ಗುಡಿಸಿ, ಹಣ ಸಲ್ಲಿಸಿ, ಮನೆಯವರಿಗೆ ಹೇಳಿ ಹೊರಡಬೇಕು. ಮುಂದಿನ ವರ್ಷ ಅವರು ನಮ್ಮ ಊರಿಗೆ ಬರುವಂತೆ ಆಹ್ವಾನ ಕೊಡಬೇಕು. ಅವರು ಬಂದಾಗ ಉಳಿಯಲು ನಮ್ಮ ಊರಿನಲ್ಲಿ ಸ್ಥಳ, ನೀರು, ಬೆಳಕು ಇವೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ನೆನಪಿಡಬೇಕಾದ ಅಂಶಗಳು

* ಮೊದಲು ಮುಕ್ಕಾಂ, ಅನಂತರ ದಾರಿ, ಕೊನೆಗೆ ನೋಡುವ ತಾಕುಗಳು.
* ಒಂದು ಮುಕ್ಕಾಮಿನಿಂದ ಇನ್ನೊಂದಕ್ಕೆ ಸುಮಾರು 55 ಕಿಲೋಮೀಟರು ಮಾತ್ರ.
* ಕೊನೆಯ ಗಾಡಿ ಸಂಜೆ 4-30ಕ್ಕೆ ಮುಕ್ಕಾಂ ಸೇರಬೇಕು.
* ಪ್ರತಿ ದಿನಕ್ಕೂ ನಡುದಾರಿಯ ಆಪತ್ತಿನ ಮುಕ್ಕಾಂ ಮತ್ತು ಅದನ್ನು ದಾಟಬೇಕಾದ ಗಂಟೆ ಗೊತ್ತಿರಬೇಕು.
* ನಮ್ಮ ಊರಿನ ರಸ್ತೆಯ ಮೇಲಿನ ರಾಶಿಯ ಕಲ್ಲುಗಳನ್ನು ಹೊತ್ತು ಮುಳುಗುವ ಮೊದಲೇ ತೆಗೆಯಬೇಕು.